ಚೌಳು ಹಿತ್ತಲಿನ ಕೈಗುಣ

ಗಿಡ ಕೊಳ್ಳಲು ಬರುವ ಜನರನ್ನು ಕಂಡರೆ ನನಗೆ ಅಸಹ್ಯ. ಇಪ್ಪತ್ತೆರಡು ವರ್ಷದಿಂದ ಗಿಡ ಮಾರಿಯೇ ಅನ್ನ ತಿನ್ನುತ್ತಿರುವವಳು ಹೀಗೆ ಹೇಳಬಾರದು, ನಿಜ. ಆದರೆ ನೀವೂ ಒಂದು ಭಾನುವಾರ, ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ರಸ್ತೆ ಪಕ್ಕದ ನನ್ನ ನರ್ಸರಿಯಲ್ಲಿ ಬಂದು ನಿಂತು ನೋಡಿ. ಕಾರಿನಿಂದ ಇಳಿಯುತ್ತಾರೆ, ಗೊಬ್ಬರದ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ, ಆಮೇಲೆ ಬಾಯಿ ತೆರೆಯುತ್ತಾರೆ. ವರ್ಷವಿಡೀ ಹೂ ಬಿಡಬೇಕು, ನೀರು ಕೇಳಬಾರದು, ಎಲೆ ಉದುರಬಾರದು, ಮುಳ್ಳಿರಬಾರದು, ಹಾವು ಬರಬಾರದು, ದೇವರಿಗೂ ಆಗಬೇಕು. ಅಂಥ ಗಿಡ ಪ್ಲಾಸ್ಟಿಕ್ಕಿನದು ಸಿಗುತ್ತೆ, ಬಸ್ ಸ್ಟ್ಯಾಂಡ್ ಎದುರಿನ ಫ್ಯಾನ್ಸಿ ಅಂಗಡಿಯಲ್ಲಿ ಕೇಳಿ ಎನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ನಿಜವಾಗಿಯೂ ಅಲ್ಲಿಗೆ ಹೋಗುತ್ತಾರೆ.

ನಾನು ಕೇಳುವುದು ಒಂದೇ ಪ್ರಶ್ನೆ. ನಿಮ್ಮನೆ ಮಣ್ಣು ಎಂಥದು? ಯಾರಿಗೂ ಗೊತ್ತಿರುವುದಿಲ್ಲ. ಬಾಡಿಗೆ ಮನೆಯವರಿಗೆ ಬಿಡಿ, ತಾತ ಮುತ್ತಾತನ ಕಾಲದಿಂದ ಅದೇ ನೆಲ ಉತ್ತವರಿಗೂ ಗೊತ್ತಿರುವುದಿಲ್ಲ. "ಮಣ್ಣು ಮಣ್ಣೇ ಕಣಕ್ಕಾ, ಅದ್ರಾಗೇನು" ಅನ್ನುತ್ತಾರೆ. ನಾಗಮಂಗಲದ ಕಡೆಯ ಕಲ್ಲುಗೊಚ್ಚು ನೆಲಕ್ಕೂ ಗುಲಾಬಿ, ಕೆ.ಆರ್. ಪೇಟೆ ಕಡೆಯ ಕೆಂಪು ಮಣ್ಣಿಗೂ ಗುಲಾಬಿ, ನಾಲೆ ಕೆಳಗಿನ ಚೌಳಿಗೂ ಗುಲಾಬಿ. ಒಂದು ಸಲ ನೆಟ್ಟರೆ ಹತ್ತು ವರ್ಷ ನಿಲ್ಲಬೇಕಾದ ಗಿಡವನ್ನು ಹೂವಿನ ಬಣ್ಣ ನೋಡಿ ಹತ್ತು ನಿಮಿಷದಲ್ಲಿ ಆರಿಸುತ್ತಾರೆ. ಅದು ಸತ್ತ ಮೇಲೆ ಬಂದು ನನ್ನ ಮೇಲೆ ಕೂಗಾಡುತ್ತಾರೆ.

ಇಷ್ಟೆಲ್ಲ ಬಾಯಿ ಬಡಿದುಕೊಳ್ಳುವ ನಾನು, ಸ್ವಂತ ಮಗಳಿಗೆ ಗಿಡ ಕಳಿಸುವಾಗ ಅದೊಂದು ಪ್ರಶ್ನೆ ಕೇಳಲಿಲ್ಲ.

ಮಗಳು ದಿವ್ಯ. ನನ್ನ ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು, ನನಗಿರುವವಳು ಅವಳೊಬ್ಬಳೇ. ಎರಡು ವರ್ಷದ ಹಿಂದೆ ಪಾಂಡವಪುರದಾಚೆ, ನಾಲೆ ಕೆಳಗಿನ ಒಂದು ಊರಿಗೆ ಕೊಟ್ಟೆ. ಅಳಿಯ ಕುಮಾರ್ ಮಂಡ್ಯದ ಟ್ರಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದಾನೆ. ಮನೆಯಲ್ಲಿ ಅವನ ತಾಯಿ ಬೆಟ್ಟಮ್ಮ, ಎರಡು ಸೀಮೆ ಹಸು, ಮೂರು ಎಕರೆ ಗದ್ದೆ. ಕೆಟ್ಟ ಜನ ಅಲ್ಲ. ಕೆಟ್ಟವರಾಗಿದ್ದರೆ ಬೈಯಲು ಸಲೀಸಾಗುತ್ತಿತ್ತು.

ದಿವ್ಯ ಬಿ.ಕಾಂ. ಮಾಡಿದ್ದಾಳೆ. ಗ್ರಾಮ ಆಡಳಿತಾಧಿಕಾರಿ ಪರೀಕ್ಷೆ ಬರೆದು ಒಂದು ಸಲ ನಾಲ್ಕು ಅಂಕದಲ್ಲಿ ತಪ್ಪಿಸಿಕೊಂಡವಳು. ಮದುವೆಯಾದ ಮೇಲೂ ಓದುತ್ತಿದ್ದಳು. ಇದೊಂದು ಸಲ ಬರಿ, ಈ ಸಲ ಆಗದಿದ್ದರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕು ಎಂದು ಕುಮಾರ್ ಗಡುವು ಕೊಟ್ಟಿದ್ದ. ಅಷ್ಟು ಹೇಳಿದ್ದೇ ದೊಡ್ಡ ಉಪಕಾರ ಎಂಬಂತೆ ಎದೆ ಉಬ್ಬಿಸಿಕೊಂಡು ಹೇಳಿದ್ದ.

ಅವಳು ತಿಂಗಳಿಗೊಂದು ಸಲ ಫೋನ್ ಮಾಡಿ ಗಿಡ ಕೇಳುತ್ತಿದ್ದಳು. ಅಮ್ಮ, ಗುಲಾಬಿ ಕಳಿಸು. ಅಮ್ಮ, ಮೈಸೂರು ಮಲ್ಲಿಗೆ ಕಳಿಸು. ಕನಕಾಂಬರ ಕಳಿಸು. ನಾನು ಒಳ್ಳೊಳ್ಳೆಯ ಗಿಡ ಆರಿಸಿ, ಕುಂಡದ ಮಣ್ಣು ಬದಲಿಸಿ, ನಿಜಾಮುದ್ದೀನರ ಲಗೇಜ್ ಆಟೋದಲ್ಲಿ ಕಳಿಸುತ್ತಿದ್ದೆ. ಎಲ್ಲ ಸತ್ತವು. ಮತ್ತೆ ಕಳಿಸಿದೆ, ಅವೂ ಸತ್ತವು. ಒಂದು ಸಲ ಹೋಗಿ ನೋಡಬಹುದಿತ್ತು, ಅರ್ಧ ಗಂಟೆಯ ದಾರಿ. ಹೆಣ್ಣು ಕೊಟ್ಟವಳು ಕರೆಯದೆ ಹೋದರೆ ಬೀಗರ ಮುಂದೆ ಹಗುರವಾಗುತ್ತಾಳೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಹಗುರವಾಗಬಾರದು ಎಂದು ನಾನು ನರ್ಸರಿಯಲ್ಲೇ ಭಾರವಾಗಿ ಕೂತಿದ್ದೆ.

ಈ ಚೈತ್ರದಲ್ಲಿ ಹೊಣಕೆರೆಯಲ್ಲಿ ಒಂದು ಬೀಗರೂಟಕ್ಕೆ ಹೋಗಿದ್ದೆ. ನನ್ನ ಎದುರಿನ ಎಲೆಗೆ ಬೆಟ್ಟಮ್ಮನ ದೂರದ ಸಂಬಂಧದ ಹೆಂಗಸೊಬ್ಬಳು ಕೂತಳು. ನಾನು ಯಾರೆಂದು ಗೊತ್ತಿದ್ದೇ ಕೂತಳು. ಮೂಳೆ ಚೀಪುತ್ತ, ಮುದ್ದೆ ನುಂಗುತ್ತ, ಗಲ್ಲದ ಮೇಲೆ ಸಾರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಶುರು ಮಾಡಿದಳು.

"ನರ್ಸರಿಯೋರ ಮಗ್ಳು ಅಂತ ತಂದ್ಕಂಡ್ಲು ನಮ್ ಬೆಟ್ಟಕ್ಕ. ಈಗ ನೋಡುದ್ರೆ ನಿಮ್ ಉಡ್ಗಿ ಮುಟ್ಟುದ್ ಗಿಡ ಒಂದೂ ಉಳಿಯಾಕಿಲ್ವಂತೆ! ಕೈಗುಣನೇ ಸರಿ ಇಲ್ವಂತೆ ಕಣವ್ವ. ಅಸೀನ ಕೆಚ್ಚಲಿಗೂ ಕೈ ಆಕ್ಸಾಕಿಲ್ವಂತೆ, ಆಲು ಬತ್ತೋದದು ಅಂತ."

ಆ ಹೆಂಗಸು ಮೂಳೆಯೊಳಗಿನ ನೆಣವನ್ನು ಸೊರ್ ಎಂದು ಎಳೆದುಕೊಂಡಳು. ನಾನು ಎಲೆ ಮಡಚಿ ಎದ್ದೆ.

ಕೈಗುಣ ಅಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ನಾಟಿಯ ದಿನ ಮೊದಲ ಪೈರು ಊರಲು ಒಳ್ಳೆ ಕೈಗುಣದವಳು ಬೇಕು. ಉಪ್ಪಿನಕಾಯಿಗೆ ಉಪ್ಪು ಬೆರೆಸಲು, ಹಾಲಿಗೆ ಹೆಪ್ಪು ಹಾಕಲು, ಹೊಸ ಹಸುವಿನ ಮೊದಲ ಹಾಲು ಕರೆಯಲು, ಎಲ್ಲಕ್ಕೂ ಅಂಥವಳೇ ಬೇಕು. ಕೈಗುಣ ಕೆಟ್ಟವಳೆಂದು ಹೆಸರು ಬಿದ್ದರೆ ಆ ಹೆಂಗಸನ್ನು ಯಾರೂ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಉಪ್ಪಿನಕಾಯಿ ಜಾಡಿ ಹತ್ತಿರ ಬಂದಾಗ ಮೆಲ್ಲಗೆ "ನೀನ್ ಬುಡವ್ವ, ನಾನ್ ಮಾಡ್ತೀನಿ" ಅನ್ನುತ್ತಾರೆ ಅಷ್ಟೇ. ಆ ಮೆತ್ತಗಿನ ಮಾತೇ ನನಗೆ ಹೊಡೆತಕ್ಕಿಂತ ಹೇಸಿಗೆ. ನನ್ನ ಮಗಳನ್ನು ಮೈಲಿಗೆ ಬಟ್ಟೆಯಂತೆ ಪಕ್ಕಕ್ಕಿಟ್ಟಿದ್ದಾರೆ ಎಂದು ನೆನೆಸಿಕೊಂಡು ಬಸ್ಸಿನಲ್ಲಿ ಹಲ್ಲು ಕಡಿದೆ.

ಮಾರನೆಯ ಬೆಳಿಗ್ಗೆಯೇ ನಿಜಾಮುದ್ದೀನರ ಆಟೋ ಹತ್ತಿದೆ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಅಕ್ಕಾ, ಜಗಳಕ್ಕೆ ಓಗ್ತಾ ಇದೀರಿ ಅಂತ ಗೊತ್ತು. ಆದ್ರೂ ಬೀಗ್ರ ಮನೆಗೆ ಖಾಲಿ ಕೈಲಿ ಓಗಬ್ಯಾಡಿ. ಎರಡು ಚಿಪ್ಪು ಬಾಳೆಹಣ್ಣು ತಗೊಳ್ಳಿ" ಎಂದರು.

"ಬಾಳೆಹಣ್ಣು ಕೊಟ್ಟು ಜಗಳ ಆಡೋದಾ ನಿಜಾಮಣ್ಣ?"

"ಮತ್ತೆ? ತಮೀಜ್, ಮರ್ಯಾದೆ ಬೇಕಲ್ಲ ಜಗಳಕ್ಕೂ."

ಬಾಳೆಹಣ್ಣು ಹಿಡಿದು ಹೋದೆ. ಬೆಟ್ಟಮ್ಮ ಮಂಡಿ ನೋವಿನ ಕಾಲೆಳೆದುಕೊಂಡು ಬಂದು, "ಬನ್ನಿ ಪ್ರಮೀಳಮ್ಮ, ದಾರಿ ತಪ್ಪಿ ಬಂದ್ರಾ" ಎಂದು ನಗುತ್ತ ನೀರು ಕೊಟ್ಟರು. ದಿವ್ಯ ಒಳಗಿನ ಕೋಣೆಯಿಂದ ಪುಸ್ತಕದೊಳಗೆ ಬೆರಳಿಟ್ಟುಕೊಂಡೇ ಬಂದಳು. ನನ್ನನ್ನು ಕಂಡು ಅವಳಿಗೆ ಸಂತೋಷವಾಗಬೇಕಿತ್ತು. ಗಾಬರಿಯಾದಂತೆ ಕಂಡಳು. ಅತ್ತೆಗೆ ಹೆದರಿ ಹೀಗಾಗಿದ್ದಾಳೆ ಎಂದುಕೊಂಡೆ.

ನೇರ ಹಿತ್ತಲಿಗೆ ನಡೆದೆ. ನೋಡಿದ ಕೂಡಲೇ ಗೊತ್ತಾಯಿತು. ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪೊರೆ. ಕಾಲಿಟ್ಟರೆ ಪುಸಕ್ಕೆಂದು ಕುಸಿಯುವ ಮಣ್ಣು. ನಾಲೆಯ ಜಿನುಗು ನೀರು ವರ್ಷಗಟ್ಟಲೆ ನಿಂತು, ಕೆಳಗಿನ ಉಪ್ಪನ್ನು ಮೇಲಕ್ಕೆ ಎಳೆದು ಬಿಟ್ಟುಹೋದ ಅಚ್ಚ ಚೌಳು. ನಾನು ಕಳಿಸಿದ ಗುಲಾಬಿಗಳು ಕಪ್ಪು ಕಡ್ಡಿಗಳಾಗಿ ಸಾಲಾಗಿ ನಿಂತಿದ್ದವು. ಸಾಲದ್ದಕ್ಕೆ ಬುಡಬುಡಕ್ಕೂ ಒಲೆಯ ಬೂದಿ.

"ಬೂದಿ ಯಾರು ಹಾಕಿದ್ದು?"

"ನಾನೇ ಕಣವ್ವ" ಎಂದರು ಬೆಟ್ಟಮ್ಮ. "ಪಾಪ, ಉಡ್ಗಿ ಗಿಡ ಬದುಕ್ಲಿ ಅಂತ ದಿನಾ ಎರಡು ಬೊಗಸೆ ಆಕ್ತೀನಿ."

ಚೌಳಿಗೆ ಬೂದಿ ಹಾಕುವುದು ಉರಿಯುವ ಗಾಯಕ್ಕೆ ಸುಣ್ಣ ಹಚ್ಚಿದಂತೆ. ಪ್ರೀತಿಯಿಂದಲೇ ಹಾಕಿದ್ದರು, ಅದು ಇನ್ನೂ ಅಸಹ್ಯ. ಒಂದು ಲೋಟ ನೀರು, ಚಿಟಿಕೆ ಅರಿಶಿನ, ಒಂದು ಬಿಳಿ ಬಟ್ಟೆ ಚೂರು ತರಲು ಹೇಳಿದೆ.

"ಅಮ್ಮ, ಬುಡು, ಈಗ ಯಾಕೆ ಅದೆಲ್ಲ" ಎಂದಳು ದಿವ್ಯ.

"ನೀನ್ ಸುಮ್ನಿರು."

"ಅಮ್ಮ, ಒಳಗ್ ಬಾ, ಮಾತಾಡ್ಬೇಕು."

"ಆಮೇಲೆ" ಎಂದೆ.

ಮಣ್ಣನ್ನು ನೀರಿಗೆ ಕಲಸಿ ತಿಳಿಯಾಗಲು ಬಿಟ್ಟೆ. ಬಟ್ಟೆಗೆ ಅರಿಶಿನ ತೇಯ್ದು ಆ ತಿಳಿಯಲ್ಲಿ ಅದ್ದಿದೆ. ಬಟ್ಟೆ ಓಕುಳಿಯಂತೆ ಕೆಂಪಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸರು ಮೂರ್ನಾಲ್ಕು ಜನ ಬೇಲಿಗೆ ಬಂದು ಒರಗಿದ್ದರು. ಸುಣ್ಣಕ್ಕೆ ಅರಿಶಿನ ಬೆರೆತರೆ ಕೆಂಪಾಗುತ್ತೆ ಎಂಬುದು ಅವರಿಗೆ ಗೊತ್ತು. ತಮ್ಮ ಮಣ್ಣೇ ಸುಣ್ಣದಂತಿದೆ ಎಂಬುದು ಗೊತ್ತಿರಲಿಲ್ಲ.

"ನೋಡ್ಕಳಿ ಎಲ್ರೂವೆ. ನನ್ ಮಗ್ಳ ಕೈ ಸರಿಯಾಗೇ ಐತೆ. ನಿಮ್ ನೆಲ ಸರಿ ಇಲ್ಲ" ಎಂದು ಬೀದಿಗೇ ಕೇಳುವಂತೆ ಹೇಳಿದೆ.

ಬೆಟ್ಟಮ್ಮ ಬಟ್ಟೆ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಮ್ಮತ್ತೆ ಕಾಲ್ದಾಗೆ ಈ ಮಣ್ಣೇ ತಕ್ಕಂಡು ಬಟ್ಟೆ ಒಗೀತಿದ್ರು ಕಣವ್ವ. ಅಂಗಾದ್ರೂ ಗಿಡ ಯಾಕ್ ಸಾಯ್ತವೆ ಅಂತ ಒಳೀನೇ ಇಲ್ವಲ್ಲ" ಎಂದರು. ಸೋಪಿನಂಥ ಮಣ್ಣಿನಲ್ಲಿ ಮಲ್ಲಿಗೆ ಬೆಳೆಯಲಿಲ್ಲ ಎಂದು ನನ್ನ ಮಗಳ ಕೈ ದೂರಿದ ಜನ! ಉಗಿಯೋಣ ಎನ್ನಿಸಿತು. ಬಾಳೆಹಣ್ಣು ತಂದಿದ್ದೆನಲ್ಲ, ಸುಮ್ಮನಾದೆ.

ದಿವ್ಯ ನನ್ನನ್ನೇ ನೋಡುತ್ತಿದ್ದಳು. ಅಳು ತಡೆದುಕೊಂಡಿದ್ದಾಳೆ, ಸಂತೋಷಕ್ಕೆ, ಎಂದುಕೊಂಡೆ. ಅವಳು ಒಳಗೆ ಕರೆದದ್ದು ನನಗೆ ಮರೆತೇಹೋಯಿತು.

ಆಮೇಲಿನ ಒಂದು ತಿಂಗಳು ಗಿಡ ಆರಿಸಿದಂತೆ ನಾನು ನನ್ನ ಜನ್ಮದಲ್ಲೇ ಆರಿಸಿರಲಿಲ್ಲ. ಉಪ್ಪು ತಿಂದು ಬದುಕಬೇಕು, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೂ ಕೊಳೆಯಬಾರದು, ಬೇಸಿಗೆಯಲ್ಲಿ ನೆಲ ಬಿರಿದರೂ ಒಣಗಬಾರದು, ವರ್ಷ ವರ್ಷ ತಾನೇ ಚಿಗುರಬೇಕು. ಕಣಗಿಲೆ ಮೊದಲು ನೆನಪಿಗೆ ಬಂತು. ಅಂಥ ಗಡಸು ಜೀವ ಗಿಡಗಳಲ್ಲಿ ಇನ್ನೊಂದಿಲ್ಲ. ಆಮೇಲೆ ಕಾಗದದ ಹೂ, ಮದರಂಗಿ, ನೀರು ನಿಲ್ಲುವ ತಗ್ಗಿಗೆ ಲಾವಂಚ, ಅಂಚಿಗೆ ನಿತ್ಯಪುಷ್ಪ. ಬೆಟ್ಟಮ್ಮ ಒಂದೊಂದಕ್ಕೂ ಮೂತಿ ತಿರುಗಿಸಿದರು. ಕಣಗಿಲೆ ಎಲೆಗೆ ಹಸು ಬಾಯಿ ಹಾಕಿದರೆ ಸಾಯುತ್ತೆ ಎಂದರು. ಅದು ನಿಜ, ಆದ್ದರಿಂದ ಅದನ್ನು ಕೊಟ್ಟಿಗೆಯಿಂದ ದೂರ, ಬೀದಿ ಬೇಲಿಯ ಹೊರಗೆ ಇಡಿಸಿದೆ. ಕಾಗದದ ಹೂ ದೇವರಿಗಾಗಲ್ಲ ಎಂದರು. ದೇವರಿಗೆ ಬೇಡದಿದ್ದರೆ ಬೇಲಿಗೆ ಬೇಕು ಎಂದೆ. ಲಾವಂಚ ಕಂಡು, "ಉಲ್ಲು ತಂದವ್ರಲ್ಲ ಪ್ರಮೀಳಮ್ಮ, ನಮ್ಮನೆ ಬದಿನಾಗೆ ಕಮ್ಮಿ ಐತಾ" ಎಂದು ನಕ್ಕರು.

ಭರಣಿ ಮಳೆ ಎರಡು ಸಲ ಚೆನ್ನಾಗಿ ಹೊಡೆದು ಮೇಲಿನ ಉಪ್ಪನ್ನು ತೊಳೆದುಕೊಂಡು ಹೋದ ಮೇಲೆ ನೆಡಿಸಿದೆ. ಮೊಣಕಾಲೆತ್ತರ ಏರಿ ಮಾಡಿಸಿ, ಜಿಪ್ಸಂ ಬೆರೆಸಿ, ಕೊಟ್ಟಿಗೆ ಗೊಬ್ಬರ ತುಂಬಿಸಿ, ಇನ್ನು ಮೇಲೆ ಈ ಹಿತ್ತಲಿಗೆ ಚಿಟಿಕೆ ಬೂದಿ ಬಿದ್ದರೂ ನಾನು ಬಂದು ಜಗಳ ಮಾಡುತ್ತೇನೆ ಎಂದು ಬೆಟ್ಟಮ್ಮನಿಗೆ ಹೇಳಿದೆ. ಪ್ರತಿ ಗಿಡವನ್ನೂ ದಿವ್ಯಳ ಕೈಯಲ್ಲೇ ನೆಡಿಸಿದೆ, ಬೇಲಿಯಾಚೆಯ ಹೆಂಗಸರನ್ನು ಕರೆದು ನಿಲ್ಲಿಸಿಕೊಂಡು ನೆಡಿಸಿದೆ. ಅವಳು ನೆಟ್ಟು ಮುಗಿಸಿ, ಕೈ ತೊಳೆದುಕೊಂಡು ಒಳಗೆ ಹೋದಳು.

ಆಷಾಢದ ಹೊತ್ತಿಗೆ ಬೆಟ್ಟಮ್ಮನ ಫೋನು ಬಂತು. "ಪ್ರಮೀಳಮ್ಮ, ಬೀದಿಲೋಗೋರೆಲ್ಲ ನಿಂತ್ಕಂಡ್ ನೋಡ್ತಾವ್ರೆ! ಕಣಗಿಲೆ ಅಂದ್ರೆ ಕಣಗಿಲೆ! ನಮ್ ದಿವ್ಯನ್ ಕೈಗುಣ ಅಂದ್ರೆ ಏನು ಅಂತೀರಿ? ಚೌಳಾಗೂ ಊವ ಬುಡಿಸ್ಬುಟ್ಲು!"

ನೆಲ ಕೆಟ್ಟದ್ದು ಎಂದು ತೋರಿಸಿದ್ದು ಅವರ ತಲೆಗೆ ಹೋಗಿರಲಿಲ್ಲ. ಕೈ ಕೆಟ್ಟದ್ದು ಹೋಗಿ ಕೈ ಒಳ್ಳೆಯದಾಗಿತ್ತು, ಅಷ್ಟೇ. ಆದರೂ ನಾನು ಹಿಗ್ಗಿದೆ. ನರ್ಸರಿಗೆ ಬಂದವರಿಗೆಲ್ಲ ಹೇಳಿದೆ. ನಿಜಾಮುದ್ದೀನರು ಆ ಬೀದಿಯ ಕಣಗಿಲೆಯ ಫೋಟೋ ಹೊಡೆದುಕೊಂಡು ಬಂದು ತೋರಿಸಿದರೆ ಅದನ್ನು ನೂರು ಜನಕ್ಕೆ ಕಳಿಸಿದೆ.

ಶ್ರಾವಣದ ಒಂದು ಮಧ್ಯಾಹ್ನ ದಿವ್ಯ ಒಬ್ಬಳೇ ಬಸ್ಸಿಳಿದು ನರ್ಸರಿಗೆ ಬಂದಳು. ನೆರಳಿನ ಪರದೆಯ ಕೆಳಗೆ ಬಂದು ಕವುಚಿಟ್ಟ ಕುಂಡದ ಮೇಲೆ ಕೂತು ಎರಡು ಕೈಯನ್ನೂ ನನ್ನ ಮುಂದೆ ಚಾಚಿದಳು. ಬೆರಳ ಸಂದಿ ಬಿರುಕು ಬಿಟ್ಟಿತ್ತು, ಉಗುರಿನ ಸುತ್ತ ಉಪ್ಪಿನಕಾಯಿಯ ಖಾರ ಹಿಡಿದು ಕೆಂಪಾಗಿತ್ತು. ಮೈಯಿಂದ ಸಗಣಿ ವಾಸನೆ.

"ಏನವ್ವ ಇದು?"

"ಕೈಗುಣ" ಎಂದಳು. "ನೀನೇ ಕೊಡ್ಸಿದ್ದು."

ಬೆಳಿಗ್ಗೆ ಐದಕ್ಕೆ ಎರಡು ಹಸು ಕರೆಯುವುದು ಈಗ ಅವಳೇ, ಆರಕ್ಕೆ ಡೈರಿಗೆ ಹಾಲು ಹಾಕುವುದೂ ಅವಳೇ. ಅವಳು ಕರೆದರೆ ಹಾಲು ಹೆಚ್ಚು ಬರುತ್ತದೆಯಂತೆ. ಆಷಾಢದಲ್ಲಿ ಬೆಟ್ಟಮ್ಮನ ಅಕ್ಕತಂಗಿಯರ ಮನೆಗೆಲ್ಲ ಸೇರಿಸಿ ಹನ್ನೆರಡು ಜಾಡಿ ಉಪ್ಪಿನಕಾಯಿ ಅವಳ ಕೈಯಲ್ಲೇ ಹಾಕಿಸಿದ್ದರು. ಬೀದಿಯವರ ಮನೆಯ ಹೆಪ್ಪು, ಅವರ ಹಿತ್ತಲಿನ ನುಗ್ಗೆ ಕಡ್ಡಿ, ಯಾರೋ ಬಾಣಂತಿಯ ಮೊದಲ ಎಣ್ಣೆ ನೀರು. ಮುಂದಿನ ಸೋಮವಾರ ನಾಟಿ. ಮೊದಲ ಪೈರು ಅವಳು ಊರಬೇಕು, ಆಮೇಲೆ ಆ ಬಯಲಿನ ಆರು ಮನೆಯವರ ಗದ್ದೆಗೂ ಅವಳೇ ಇಳಿಯಬೇಕು ಎಂದು ಬೆಟ್ಟಮ್ಮ ಮಾತು ಕೊಟ್ಟಿದ್ದರು.

"ಪರೀಕ್ಷೆ ಯಾವಾಗ?" ಎಂದೆ.

"ಇನ್ನು ಐದು ವಾರ. ಎರಡು ತಿಂಗಳಿಂದ ಒಂದು ಪುಟ ತಿರುವಿಲ್ಲ."

"ಓದ್ಬೇಕು ಅಂತ ಅತ್ತೆಗೆ ಹೇಳ್ಬಾರ್ದಾ?"

"ಹೇಳ್ದೆ. 'ಓದ್ಕೊ ಮಗಾ, ಯಾರ್ ಬ್ಯಾಡ ಅಂದೋರು' ಅಂದ್ರು. ಬೆನ್ನಿಗೇ 'ಅದ್ಕೂ ಮುಂಚೆ ಇದೊಂದ್ ಚೂರು ಮುಟ್ಬುಟ್ ಓಗು' ಅಂದ್ರು. ಯಾರೂ ಬ್ಯಾಡ ಅನ್ನಲ್ಲ ಅಮ್ಮ. ಇದೊಂದ್ ಚೂರು, ಅದೊಂದ್ ಚೂರು, ಅಷ್ಟೇ."

"ಮುಂಚೆ ಹೆಂಗ್ ಓದ್ತಿದ್ದೆ?"

ಅವಳು ನನ್ನನ್ನು ನೋಡಿದ ನೋಟ ನನಗೆ ಇನ್ನೂ ಮರೆತಿಲ್ಲ. ದಡ್ಡ ಗಿರಾಕಿಯನ್ನು ನಾನು ನೋಡುವ ನೋಟ ಅದು.

"ಮುಂಚೆ ನನ್ನ ಕೈ ಸರಿ ಇರ್ಲಿಲ್ವಲ್ಲ" ಎಂದಳು. "ಹಾಲು, ಹೆಪ್ಪು, ಉಪ್ಪಿನಕಾಯಿ, ಗದ್ದೆ ಯಾವ್ದಕ್ಕೂ ಕರೀತಿರ್ಲಿಲ್ಲ. ಅಡುಗೆ ಒಂದು ಮಾಡಿ ಕೋಣೆಗೆ ಹೋಗಿ ಕೂತ್ರೆ ದಿನಕ್ಕೆ ಎಂಟು ಗಂಟೆ. ಅಮ್ಮ, ನಾನು ಚೌಳು ನೋಡದೋಳಾ? ಐದು ವರ್ಷದೋಳಿಂದ ನಿನ್ನ ಜತೆ ಮಣ್ಣು ಕಲಸಿದೀನಿ. ಮದುವೆ ಆಗಿ ಹೋದ ಎರಡನೇ ದಿನವೇ ಆ ಹಿತ್ತಲು ನೋಡಿದ್ದೆ. ಅದಕ್ಕೇ ಗುಲಾಬಿ ಕೇಳಿದ್ದು. ಅದಕ್ಕೇ ಕನಕಾಂಬರ. ಅಲ್ಲಿ ಖಂಡಿತ ಸಾಯೋ ಗಿಡ ಯಾವ್ದು ಅಂತ ನೋಡಿ ನೋಡಿ ಆರಿಸಿದ್ದೆ."

ನಾನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ನನ್ನ ಗುಲಾಬಿಗಳು! ಒಂದೊಂದನ್ನೂ ಕಸಿ ಕಟ್ಟಿ, ಮಗುವಿನಂತೆ ಬೆಳೆಸಿ ಕಳಿಸಿದ ಗಿಡಗಳನ್ನು ಇವಳು ಗೊತ್ತಿದ್ದೂ ಚೌಳಿಗಿಟ್ಟಿದ್ದಳು. ನನಗೆ ಅವಳ ಮೇಲೆ ಬಂದ ಹೇಸಿಗೆ ಹೇಳತೀರದು. ಆ ಮೂಳೆ ಚೀಪುವವಳಿಗಿಂತ ನನ್ನ ಮಗಳೇ ಕೀಳೆನಿಸಿದಳು.

"ಥೂ, ನಾಚಿಕೆ ಆಗಲ್ವಾ ನಿಂಗೆ? ನಾನು ಅಲ್ಲಿ ಬೀದಿ ಹೆಂಗಸರ ಮುಂದೆ ಅರಿಶಿನ ಹಿಡ್ಕೊಂಡು ಕುಣಿದ್ನಲ್ಲ!"

"ಒಳಗೆ ಬಾ ಅಂತ ಕರೆದೆ. ನೀನು ಬರ್ಲಿಲ್ಲ."

"ಈಗ ಸಾಯ್ಸು ಹಂಗಾದ್ರೆ, ಅದೂ ಗೊತ್ತಲ್ಲ ನಿಂಗೆ."

"ಸಾಯ್ಸೋಕೆ ನೋಡ್ದೆ" ಎಂದಳು. "ಕಣಗಿಲೆ ಬುಡಕ್ಕೆ ಕುದಿಯೋ ನೀರು ಹುಯ್ದೆ. ಬಕೆಟ್ ಉಪ್ಪು ನೀರು ಹುಯ್ದೆ. ಇನ್ನೂ ಚಿಗುರ್ತು. ನೀನು ಅಂಥವನ್ನೇ ಆರಿಸಿ ಕೊಟ್ಟಿದೀಯ."

ಅಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತಳು. ಗುಲಾಬಿ ಕೊಳ್ಳಲು ಬಂದಿದ್ದ ಗಂಡ ಹೆಂಡತಿ ನಮ್ಮನ್ನು ನೋಡುತ್ತ ನಿಂತಿದ್ದರು. ಹೋಗ್ರೀ, ಇವತ್ತು ವ್ಯಾಪಾರ ಇಲ್ಲ ಎಂದು ಅಟ್ಟಿದೆ. ಅವಳ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, ಅತ್ತೆಯ ಹತ್ತಿರ ನಾನೇ ಮಾತಾಡುತ್ತೇನೆ ಎಂದೆ. ಏನು ಮಾತಾಡಬೇಕು ಎಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ನಿಜಾಮುದ್ದೀನರ ಆಟೋದಲ್ಲೇ ಹೋದೆ. ದಾರಿಯಲ್ಲಿ ಅವರಿಗೆ ಎಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ಅಕ್ಕಾ, ಇಲ್ಮ್, ವಿದ್ಯೆ ಬೇಕು ಅಂತ ಒದ್ದಾಡೋ ಮಗು ಅದು. ಸುಳ್ಳು ಯೋಳಿದ್ರೂ ಪರವಾಗಿಲ್ಲ ಬುಡಿ" ಎಂದರು. ಈ ಸಲ ಬಾಳೆಹಣ್ಣಿನ ಮಾತು ಎತ್ತಲಿಲ್ಲ.

ಗದ್ದೆಯ ದೇವಮೂಲೆಯಲ್ಲಿ ಅರಿಶಿನ ಕುಂಕುಮ ಇಟ್ಟು, ಎಡೆ ಇಟ್ಟು, ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ಆರು ಮನೆಯವರೂ ಇದ್ದರು. ದಿವ್ಯ ಬದುವಿನ ಮೇಲೆ ತಲೆ ಬಗ್ಗಿಸಿ ನಿಂತಿದ್ದಳು, ಕೈಯಲ್ಲಿ ಪೈರಿನ ಕಟ್ಟು. ಬೆಟ್ಟಮ್ಮ ನನ್ನನ್ನು ಕಂಡು ಮುಖ ಅರಳಿಸಿದರು.

"ಬನ್ನಿ ಬನ್ನಿ, ಒಳ್ಳೆ ಒತ್ಗೇ ಬಂದ್ರಿ. ನಿಮ್ ಮಗ್ಳ ಕೈಗುಣ ಕಣ್ತುಂಬ ನೋಡಿ. ಲೇ ಪಾಪ, ಇಳಿ ಕೆಳೀಕೆ."

ದಿವ್ಯ ನನ್ನ ಕಡೆ ನೋಡಿದಳು. ಹುಡುಗಿ ಓದಬೇಕು, ಬಿಡಿ ಎಂದರೆ, "ಓದ್ಲಿ, ಯಾರ್ ಬ್ಯಾಡ ಅಂದೋರು" ಎನ್ನುತ್ತಾರೆ ಎಂದು ಗೊತ್ತಿತ್ತು. ಹಾಗಾಗಿ ನನ್ನ ಬಾಯಿಂದ ಬಂದದ್ದು ಬೇರೆ.

"ಬೆಟ್ಟಮ್ಮೋರೆ, ಅವ್ಳ ಕೈಲಿ ಊರ್ಸಬ್ಯಾಡಿ."

"ಯಾಕ್ರವ್ವ?"

"ಆ ಗಿಡ ಬೆಳ್ದಿದ್ದು ನನ್ ಕೈಲಿ. ನಾನೇ ನರ್ಸರೀಲಿ ಬೇರು ಬುಡ್ಸಿ ತಂದಿದ್ದೆ, ಅವ್ಳು ಸುಮ್ನೆ ಗುಂಡಿಗ್ ಇಟ್ಟಿದ್ದು. ಅವ್ಳ ಕೈಗುಣ ಹುಟ್ಟಿದಾಗಿಂದ್ಲೂ ಸರಿ ಇಲ್ಲ. ಹೆತ್ತ ಕರುಳು, ಮುಚ್ಚಿಟ್ಟಿದ್ದೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬೆಟ್ಟಮ್ಮನ ಮುಖದಲ್ಲಿ ಅರೆನಂಬಿಕೆ ಇತ್ತು, ಸುಳ್ಳು ಹೇಳಿದ ಮೇಲೆ ಗಟ್ಟಿಯಾಗಿಯೇ ಹೇಳಬೇಕಲ್ಲ. ನಾಲಿಗೆಗೆ ಸಿಕ್ಕಿದ್ದನ್ನು ಆಡಿದೆ.

"ಅವ್ಳಪ್ಪ ಮಲಗಿದ್ದಾಗ, ಅವ್ಳ ಕೈಲಿ ಒಂದ್ ಲೋಟ ಔಷಧಿ ಕೊಡ್ಸಿಲ್ಲ ನಾನು. ಹತ್ರಕ್ಕೇ ಬುಡ್ಲಿಲ್ಲ. ಅಷ್ಟ್ ಎದ್ರಿಕೆ ನಂಗೆ ಅವ್ಳ ಕೈ ಅಂದ್ರೆ."

ಬೆಟ್ಟಮ್ಮ ಎರಡು ಹೆಜ್ಜೆ ಬಂದು ದಿವ್ಯಳ ಕೈಯಿಂದ ಪೈರಿನ ಕಟ್ಟನ್ನು ಮೆತ್ತಗೆ ಬಿಡಿಸಿಕೊಂಡರು. "ನೀನ್ ಬುಡವ್ವ. ಮನೆಗೋಗು" ಎಂದರು. ನನ್ನ ಕಡೆ ತಿರುಗಿ, "ಮೊದ್ಲೇ ಯೋಳ್ಬಾರ್ದಾ ಪ್ರಮೀಳಮ್ಮ" ಎಂದರು, ಬೈಗುಳವಿಲ್ಲದೆ, ಪಾಪ ಎನ್ನುವ ದನಿಯಲ್ಲಿ. ಆಮೇಲೆ ಸೀರೆ ಎತ್ತಿ ಕಟ್ಟಿ, ಆ ಮಂಡಿ ನೋವಿನ ಕಾಲನ್ನು ಕೆಸರಿಗಿಟ್ಟು, ಒಬ್ಬಳ ಭುಜ ಹಿಡಿದು ತಾವೇ ಇಳಿದರು. ಅರಿಶಿನದ ಬಟ್ಟೆ ತೋರಿಸಿದಾಗ ಈ ಜನ ಮೂರು ತಿಂಗಳು ಕಾದು, ಹೂ ಬಿಟ್ಟ ಮೇಲೆ ನಂಬಿದ್ದರು, ಅದೂ ತಪ್ಪಾಗಿ. ಇದನ್ನು ನಂಬಲು ಒಂದು ನಿಮಿಷವೂ ಬೇಕಾಗಲಿಲ್ಲ. ಹೆತ್ತವಳೇ ಹೇಳಿದ ಮೇಲೆ ಇನ್ನೇನು.

ನನ್ನ ಬಾಯಿ ನನಗೇ ನಾರಿತು. ಆದರೂ ಗೆದ್ದೆವು ಎಂದುಕೊಂಡೇ ದಿವ್ಯಳ ಹಿಂದೆ ಬದುವಿನ ಮೇಲೆ ನಡೆದೆ. ಐದು ವಾರ ಪೂರ್ತಿ ಅವಳದು. ಮನೆ ತಲುಪುವವರೆಗೂ ಅವಳು ತಿರುಗಿ ನೋಡಲಿಲ್ಲ. ಜಗುಲಿಯ ಹತ್ತಿರ ನಿಂತು, ಕೆಸರಾಗದ ಕಾಲನ್ನು ಸುಮ್ಮನೆ ಮೆಟ್ಟಿಲಿಗೆ ಉಜ್ಜಿದಳು.

"ಅಮ್ಮ, ಅಪ್ಪನ ಹತ್ರ ನನ್ನ ಬಿಡದೇ ಇದ್ದದ್ದು ಅದಕ್ಕಾ?"

"ಏನಂದೆ?"

"ನಾನು ಬಾಗಿಲಲ್ಲಿ ನಿಂತು ಅಳ್ತಿದ್ದೆ. ಔಷಧಿ ನಾನು ಕೊಡ್ತೀನಿ ಅಂದ್ರೂ ನೀನು ಬಿಡ್ಲೇ ಇಲ್ಲ. ಅದಕ್ಕಾ?"

"ಥೂ ಹುಚ್ಚಿ, ನಿಂಗಾಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಇತ್ತಲ್ಲವ್ವ, ಓದ್ಲಿ ಅಂತ. ಈಗ ಹೇಳಿದ್ದು ಸುಳ್ಳು ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು" ಎಂದಳು. ಸ್ವಲ್ಪ ಹೊತ್ತು ತನ್ನ ಎರಡು ಕೈಯನ್ನೂ ನೋಡಿಕೊಂಡಳು. ಆಮೇಲೆ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಜಗುಲಿಯಲ್ಲೇ ಕೂತೆ. ಪುಟ ತಿರುವುವ ಸದ್ದಿಗಾಗಿ ಬಹಳ ಹೊತ್ತು ಕಾದೆ, ಕೇಳಿಸಲಿಲ್ಲ.